ಮೂರನೆಯ ಸಾಲಿನಲ್ಲಿ ಯಾರಿದ್ದರು

“ನಾನು ಹಿಂಡಿ ಮೂಟೆ ಒಯ್ದೇ ಇಲ್ಲ, ಸ್ವಾಮಿ” ಎಂದು ಹಾಲಿನ ಡೈರಿಯ ಕಿಟಕಿಯ ಬಳಿ ಅಜ್ಜಿಯೊಬ್ಬರು ಮತ್ತೆ ಮತ್ತೆ ಹೇಳುತ್ತಿದ್ದರು. ಅಂದು ಬಟವಾಡೆ. ಅವರ ಹದಿನೈದು ದಿನದ ಹಾಲಿನ ಹಣದಲ್ಲಿ ಒಂದು ಮೂಟೆಯ ಬೆಲೆ ಮುರಿದುಹೋಗಿತ್ತು. ಹಾಗೆ ಮುರಿದುಕೊಂಡದ್ದು ನಾನು ಬರೆದುಕೊಟ್ಟ ಪ್ರೋಗ್ರಾಂ.

ಜಾವಾ ಭಾಷೆಯಲ್ಲಿ, ಕಿಟಕಿ-ಗುಂಡಿಗಳನ್ನು ಕಟ್ಟುವ ಅದರ ಸ್ವಿಂಗ್ ಸಲಕರಣೆ ಬಳಸಿ ಮಾಡಿದ್ದು. ಎಡಗಡೆ ಜೆಟೇಬಲ್ ಎಂಬ ಕೋಷ್ಟಕದಲ್ಲಿ ಸದಸ್ಯರ ಪಟ್ಟಿ. ಬಲಗಡೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನ ಕೊಬ್ಬಲ್ಲದ ಘನಾಂಶ), ಬಾಕಿ. ಸಾಲೊಂದನ್ನು ಆರಿಸಿದರೆ ಅದು ನೀಲಿಯಾಗುತ್ತದೆ, ಆಯ್ಕೆಗಾಗಿ ಕಾದಿರುವ ಲಿಸನರ್ ಎಂಬ ಕೋಡಿಗೆ ಸುದ್ದಿ ಹೋಗುತ್ತದೆ, ಲೆಕ್ಕ ತೆರೆಯುತ್ತದೆ. ಬರೆಯುವಾಗ ನನ್ನನ್ನು ಕಾಡಿದ್ದು ಒಂದೇ: ಮೌಸ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಇನ್ನೊಮ್ಮೆ ಸುದ್ದಿ ಬರುತ್ತಿತ್ತು. ಬಾಣದ ಕೀಲಿಯಿಂದ ಇಳಿದರೆ ಒಂದೇ ಸಲ. ಗೆಟ್ ವ್ಯಾಲ್ಯೂ ಈಸ್ ಅಡ್ಜಸ್ಟಿಂಗ್, ಅಂದರೆ ಆಯ್ಕೆ ಇನ್ನೂ ನಡೆಯುತ್ತಿದೆಯೇ ಎಂದು ಕೇಳಿ, ಹೌದೆಂದರೆ ಸುಮ್ಮನಿರುವಂತೆ ಮಾಡಿದೆ. ಕೆಲಸ ಮುಗಿಯಿತೆಂದುಕೊಂಡೆ.

“ದಿನವೂ ಮಾಡುವಂತೆಯೇ ಮಾಡಿ ತೋರಿಸಿ” ಎಂದು ಕಾರ್ಯದರ್ಶಿಯವರನ್ನು ಕೇಳಿದೆ. ಅವರು ಮೊದಲು ಒತ್ತಿದ್ದು ‘ಹೆಸರು’ ಎಂಬ ತಲೆಬರಹವನ್ನು. ಪಟ್ಟಿ ಅಕಾರಾದಿಯಾಯಿತು. “ಬಂದವರು ಹೆಸರು ಹೇಳುತ್ತಾರೆ. ಸದಸ್ಯ ಸಂಖ್ಯೆ ಯಾರಿಗೆ ನೆನಪಿರುತ್ತದೆ?” ಎಂದರು. ಆ ಸೌಲಭ್ಯ ಕೊಟ್ಟವನು ನಾನೇ. ಜಾವಾ 6ರಿಂದ ಈಚೆಗೆ ಅದಕ್ಕೆ ಒಂದೇ ಸಾಲಿನ ಕೋಡ್ ಸಾಕು. ಮನೆಯಲ್ಲಿ ತಲೆಬರಹ ಒತ್ತಿ, ಹೆಸರುಗಳು ಕ್ರಮವಾಗಿ ಕೂತದ್ದನ್ನು ಕಂಡು ಸಂತೋಷಪಟ್ಟಿದ್ದೆ. ಆಮೇಲೆ ಒಂದು ಸಾಲನ್ನು ಆರಿಸಿ ನೋಡಿರಲಿಲ್ಲ.

ಹೆಸರುಗಳು ಪರದೆಯ ಮೇಲೆ ಜಾಗ ಬದಲಿಸಿದರೂ ಮಾಹಿತಿ ಇಟ್ಟಿರುವ ಒಳಗಿನ ಮಾಡೆಲ್‌ನಲ್ಲಿ ಸದಸ್ಯರು ಸಂಖ್ಯೆಯ ಕ್ರಮದಲ್ಲೇ ಇರುತ್ತಾರೆ. ಯಾವ ಸಾಲು ಆರಿಸಿದೆ ಎಂದು ಕೇಳುವ ಗೆಟ್ ಸೆಲೆಕ್ಟೆಡ್ ರೋ ಹೇಳುವುದು ಪರದೆಯ ಸ್ಥಾನವನ್ನು ಮಾತ್ರ. ಮೂಟೆಯ ಬೆಲೆ ಬರೆಯಲು ಕಾರ್ಯದರ್ಶಿಯವರು ಆರಿಸಿದ್ದು ಅಕಾರಾದಿಯ ಮೂರನೆಯ ಹೆಸರನ್ನು. ನನ್ನ ಕೋಡ್ ತೆರೆದದ್ದು ಸಂಖ್ಯೆಯಲ್ಲಿ ಮೂರನೆಯವರ ಲೆಕ್ಕವನ್ನು. ಡೈರಿ ಶುರುವಾದ ದಿನವೇ ಸೇರಿದ್ದ ಆ ಅಜ್ಜಿಯೇ ಮೂರನೆಯ ಸದಸ್ಯೆ. ನೀಲಿ ಗೆರೆ ಇದೆಯಲ್ಲ ಎಂದು ಬಲಗಡೆ ನಾನು ಹೆಸರನ್ನೂ ಹಾಕಿರಲಿಲ್ಲ. ಅದು ಕೋಡಿನ ದೋಷಕ್ಕಿಂತ ದೊಡ್ಡ ತಪ್ಪು ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಹೆಸರು ಕಂಡಿದ್ದರೆ ಕಾರ್ಯದರ್ಶಿಯವರ ಕಣ್ಣೇ ಅದನ್ನು ಹಿಡಿಯುತ್ತಿತ್ತು.

ಅಲ್ಲೇ ಕುಳಿತು ತಿದ್ದಿದೆ. ಪರದೆಯ ಸ್ಥಾನವನ್ನು ಮಾಡೆಲ್‌ನ ಸ್ಥಾನಕ್ಕೆ ಬದಲಿಸುವ ಕನ್ವರ್ಟ್ ರೋ ಇಂಡೆಕ್ಸ್ ಟು ಮಾಡೆಲ್ ಎಂಬ ಒಂದು ಕರೆ, ಅದಕ್ಕೂ ಮೊದಲು -1 ಬಂತೇ ಎಂಬ ಪರೀಕ್ಷೆ. ಪಟ್ಟಿಯನ್ನು ಮತ್ತೆ ತುಂಬಿದಾಗ ಆಯ್ಕೆ ಅಳಿದು ಆಗಲೂ ಸುದ್ದಿ ಬರುತ್ತದೆ, ಯಾವ ಸಾಲೂ ಆರಿಸಿಲ್ಲವೆಂದು ಆಗ ಸಿಗುವ ಸಂಖ್ಯೆ -1. ಬಲಗಡೆ ಹೆಸರನ್ನೂ ಸದಸ್ಯ ಸಂಖ್ಯೆಯನ್ನೂ ದಪ್ಪ ಅಕ್ಷರದಲ್ಲಿ ಇಟ್ಟೆ.

ಅಜ್ಜಿಗೆ ಹಣ ಕೊಟ್ಟು ಕ್ಷಮೆ ಕೇಳಿದೆವು. ಕಿಟಕಿ ಮುಚ್ಚಿದ ಮೇಲೆ ರಸೀದಿ ಪುಸ್ತಕ ಹರಡಿಕೊಂಡು ಒಂದೊಂದು ಮೂಟೆಯನ್ನೂ ತಾಳೆ ನೋಡಿದೆವು. ಇನ್ನೂ ನಾಲ್ಕು ಮೂಟೆಗಳು ಬೇರೆಯವರ ಖಾತೆಯಲ್ಲಿದ್ದವು. ಮೂವರ ಮನೆ ಹತ್ತಿರದಲ್ಲೇ ಇತ್ತು. ಆ ರಾತ್ರಿಯೇ ಹೋಗಿ ಹೇಳಿ ಬಂದೆವು. ನಾಲ್ಕನೆಯವರು ಬೆಳಗಿನ ಹಾಲು ತಂದಾಗ ಸಿಕ್ಕರು.