ಶನಿವಾರದ ಸ್ಯಾಕ್ಸೋಫೋನ್

ನಮ್ಮ ಗಣಿತದ ಮೇಷ್ಟ್ರಿಗೆ ಸಂಗೀತದ ಹುಚ್ಚು. ಶನಿವಾರ ಕ್ಲಾಸು ಮುಗಿದ ಮೇಲೆ ಲ್ಯಾಪ್‌ಟಾಪಿಗೆ ಎರಡು ಸಣ್ಣ ಸ್ಪೀಕರ್ ಸಿಕ್ಕಿಸಿ ಕೂರುತ್ತಿದ್ದರು. ಇಷ್ಟ ಇದ್ದವರು ಜೊತೆಗೆ ಕೂರಬಹುದಿತ್ತು. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ದಾವಣಗೆರೆಯ ಹುಡುಗರಿಗೂ ಹೊಸದಲ್ಲ. ಆದರೆ ‘ಕಿನ್ಸ್‌ಮೆನ್’ ಆಲ್ಬಂ ಹಾಕಿದ ದಿನ ಎರಡು ಸ್ಯಾಕ್ಸೋಫೋನ್ ಕೇಳಿಸಿದವು. ಇನ್ನೊಂದು ಯಾರದು ಸಾರ್? ರುದ್ರೇಶ್ ಮಹಾಂತಪ್ಪ ಅಂದರು. ನಮ್ಮ ಹಾಜರಿ ಪುಸ್ತಕದಲ್ಲೇ ರುದ್ರೇಶರು, ಮಹಾಂತೇಶರು ಇದ್ದರು. ಹರಿಹರದವರೋ ಜಗಳೂರಿನವರೋ ಎಂದು ನಮ್ಮಲ್ಲೇ ಚರ್ಚೆ ಶುರುವಾಯಿತು!

ಅವರು ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್‌ನಲ್ಲಿ. ಬೆಳೆದದ್ದು ಅಮೆರಿಕದ ಬೌಲ್ಡರ್‌ನಲ್ಲಿ. ಅಪ್ಪ ಅಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ರುದ್ರೇಶ್ ಕಲಿತದ್ದು ಜಾಝ್. ಕದ್ರಿಯವರ ಆಲ್ಬಂ ಒಂದನ್ನು ಅವರ ಕೈಗೆ ಕೊಟ್ಟವರು ಅಣ್ಣ.

2008ರ ‘ಕಿನ್ಸ್‌ಮೆನ್’ ಅನ್ನು ವಿಮರ್ಶಕರು ತುಂಬಾ ಹೊಗಳಿದರು. ಸರಿಯಾಗೇ ಹೊಗಳಿದರು. ಜಾಝ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಬದಲಾಗುತ್ತಾ ಹೋಗುತ್ತವೆ. ಕದ್ರಿಯವರ ಕರ್ನಾಟಕ ಸಂಗೀತದಲ್ಲಿ ಶ್ರುತಿ ಕದಲುವುದಿಲ್ಲ, ರಾಗವೇ ಎಲ್ಲ. ಇವೆರಡನ್ನೂ ಸುಮ್ನೆ ಬೆರೆಸಿದರೆ ಒಂದು ಇನ್ನೊಂದಕ್ಕೆ ಅಲಂಕಾರವಾಗಿಬಿಡುತ್ತದೆ. ಇಲ್ಲಿ ಹಾಗಾಗಿಲ್ಲ. ಕದ್ರಿಯವರ ಸ್ವರ ಗಮಕದಲ್ಲಿ ಜಾರುತ್ತದೆ. ರುದ್ರೇಶರದ್ದು ಚೂಪು, ಅವಸರ ಜಾಸ್ತಿ. ಇಬ್ಬರೂ ತಮ್ಮ ದನಿ ಬಿಟ್ಟುಕೊಡುವುದಿಲ್ಲ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರ್ ಎಲ್ಲಕ್ಕೂ ಜಾಗ ಇದೆ. ರುದ್ರೇಶರ ವೇಗವನ್ನು ಮೆಚ್ಚುವವರು ಬಹಳ. ನನಗೆ ಅದಕ್ಕಿಂತ ದೊಡ್ಡದು, ಕದ್ರಿಯವರು ನುಡಿಸುವಾಗ ಅವರು ಕಾಯುವ ರೀತಿ.

ಮೇಷ್ಟ್ರಿಗೆ ಮಾತ್ರ 2004ರ ‘ಮದರ್ ಟಂಗ್’ ಮೇಲೆ ಪ್ರೀತಿ. ನೀನು ಇಂಡಿಯನ್ ಭಾಷೆ ಮಾತಾಡ್ತೀಯಾ ಎಂಬಂಥ ಪ್ರಶ್ನೆ ಅಮೆರಿಕದಲ್ಲಿ ಕೇಳುತ್ತಾರಲ್ಲ, ಅದಕ್ಕೆ ಬೇರೆಬೇರೆ ಭಾಷೆಯವರು ಕೊಟ್ಟ ಉತ್ತರಗಳನ್ನು ರುದ್ರೇಶ್ ರೆಕಾರ್ಡ್ ಮಾಡಿಕೊಂಡರು. ಆ ಮಾತಿನ ಏರಿಳಿತವನ್ನೇ ಸ್ವರವಾಗಿ ಬರೆದುಕೊಂಡು ಸಂಗೀತ ಕಟ್ಟಿದರು. ಅದರಲ್ಲಿ ಒಂದರ ಹೆಸರು ‘ಕನ್ನಡ’. ವಿಜಯ್ ಅಯ್ಯರ್ ಪಿಯಾನೋ. ನಾವು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದೆವು. ನಮ್ಮ ಮಾತಿನ ಲಯದಿಂದ ಜಾಝ್ ಹುಟ್ಟಬಹುದು ಎಂದು ಅಲ್ಲಿಯವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಸಂಖ್ಯಾ ಸಿದ್ಧಾಂತ, ಗುಪ್ತಲಿಪಿ ಇಟ್ಟುಕೊಂಡು ಮಾಡಿದ ‘ಕೋಡ್‌ಬುಕ್’ ಕೂಡ ಇದೆ. ಗಣಿತದ ಮೇಷ್ಟ್ರು ಅದನ್ನು ಬಿಡುತ್ತಾರೆಯೇ?

ನಾನು ಕಾಲೇಜು ಬಿಟ್ಟ ಮೇಲೆ, 2015ರಲ್ಲಿ, ಹಿಂದಿನ ಕಾಲದ ದೊಡ್ಡ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್‌ಗೆ ಗೌರವವಾಗಿ ರುದ್ರೇಶ್ ಮಾಡಿದ ‘ಬರ್ಡ್ ಕಾಲ್ಸ್’ ಬಂತು. ಅಮೆರಿಕದ ಜಾಝ್ ಪತ್ರಿಕೆ ಡೌನ್‌ಬೀಟ್‌ನ ವಿಮರ್ಶಕರು ಅದನ್ನೇ ವರ್ಷದ ಜಾಝ್ ಆಲ್ಬಂ ಎಂದು ಆರಿಸಿದರು. ಮರುವರ್ಷ ರುದ್ರೇಶ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ವಿಭಾಗದ ನಿರ್ದೇಶಕರಾದರು. ಕದ್ರಿಯವರು 2019ರಲ್ಲಿ ತೀರಿಕೊಂಡರು.

ಈಗ ಓದುತ್ತಿರುವವರು ‘ಕಿನ್ಸ್‌ಮೆನ್’ನಲ್ಲಿರುವ ‘ಕಲ್ಯಾಣಿ’ಯಿಂದ ಶುರುಮಾಡಿ. ಕಿವಿಗೆ ಬೇಗ ಹಿಡಿಸುತ್ತದೆ. ‘ಬರ್ಡ್ ಕಾಲ್ಸ್’ ಆಮೇಲೆ ಇರಲಿ. ಅದಕ್ಕೂ ಮೊದಲು ಪಾರ್ಕರ್ ಅವರ ಒಂದೆರಡು ರೆಕಾರ್ಡ್ ಕೇಳಿಕೊಂಡರೆ ಒಳ್ಳೆಯದು.