ಗುಲಾಬಿ ಈರುಳ್ಳಿಯ ಆ ಆರು ವಾರ

2023ರ ಆಗಸ್ಟ್ 19, ಶನಿವಾರ. ರಾತ್ರಿ ಊಟಕ್ಕೆ ಕೂತಿದ್ದೆ. ಊರಿಂದ ಅಪ್ಪನ ಫೋನ್ ಬಂತು.

"ನೀನು ಟ್ಯಾಕ್ಸ್ ಲೆಕ್ಕ ನೋಡೋಳಲ್ವೇನಮ್ಮಾ, ಈರುಳ್ಳಿಗೆ ನಲವತ್ತು ಹಾಕವ್ರೆ ಅಂತಾವ್ರೆ. ಏನದು?"

ನಾನು ರಾಜಾಜಿನಗರದ ಒಂದು ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬುವ ಕೆಲಸ ಮಾಡುತ್ತೇನೆ. ತಾಜಾ ಈರುಳ್ಳಿಗೆ ಜಿಎಸ್‌ಟಿ ಇಲ್ಲವಲ್ಲ ಎಂದುಕೊಂಡೇ ಮೊಬೈಲ್‌ನಲ್ಲಿ ಹುಡುಕಿದೆ. ಅದು ರಫ್ತು ಸುಂಕ. ದೇಶದಿಂದ ಹೊರಗೆ ಹೋಗುವ ಈರುಳ್ಳಿಗೆ ಶೇ 40. ಅಂದೇ ಜಾರಿ. ಡಿಸೆಂಬರ್ 31ರವರೆಗೆ.

ಅಪ್ಪನ ಹೊಲ ಚಿಕ್ಕಬಳ್ಳಾಪುರದ ಹತ್ತಿರ. ಒಂದೂವರೆ ಎಕರೆ, ಬೋರ್‌ವೆಲ್ ನೀರು. ಬೆಳೆಯುವುದು ಗುಲಾಬಿ ಈರುಳ್ಳಿ, ಬೆಂಗಳೂರು ರೋಸ್ ಎನ್ನುತ್ತಾರಲ್ಲ, ಅದು. ಚಿಕ್ಕದು, ಕಡುಗೆಂಪು, ಬುಡ ಚಪ್ಪಟೆ, ಘಾಟು ಜಾಸ್ತಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸೀಮೆಯ ಬೆಳೆ. 2015ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಸೀಮೆಯದೇ ಬೆಳೆ ಎಂಬ ಗುರುತು, ಕೂಡ ಸಿಕ್ಕಿತು. ಹೆಸರಲ್ಲಿ ಬೆಂಗಳೂರಿದೆ, ಆದರೆ ಬೆಂಗಳೂರಿನ ಅಡುಗೆಮನೆಯಲ್ಲಿ ಇದನ್ನು ಕಾಣುವುದು ಅಪರೂಪ. ನಾನಿರುವ ಬೀದಿಯ ತಳ್ಳುಗಾಡಿಯಲ್ಲಿ ದಪ್ಪ ಈರುಳ್ಳಿಯೇ ಸಿಗುತ್ತದೆ. ನಮ್ಮದು ಚೆನ್ನೈ ಬಂದರಿಗೆ ಹೋಗಿ, ಹಡಗು ಹತ್ತಿ, ಮಲೇಷ್ಯಾ, ಸಿಂಗಪುರ, ಶ್ರೀಲಂಕಾ ಸೇರುತ್ತದೆ. ಅದಕ್ಕಾಗಿಯೇ ಬೆಳೆಯುವ ಬೆಳೆ ಇದು.

ಸುಂಕ ಯಾಕೆ ಬಂತು ಅಂತ ನನಗೆ ಅರ್ಥವಾಗುತ್ತದೆ. ಅದರ ಹಿಂದಿನ ತಿಂಗಳು ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಈರುಳ್ಳಿಯೂ ಹಾಗೇ ಏರಿದರೆ ಬಡವರು ಏನು ತಿನ್ನಬೇಕು? ಹೊರಗೆ ಕಳಿಸುವುದು ದುಬಾರಿಯಾದರೆ ಮಾಲು ದೇಶದಲ್ಲೇ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ನಾಸಿಕ್‌ನ ಈರುಳ್ಳಿಗೆ ಈ ಲೆಕ್ಕ ಸರಿ ಇರಬಹುದು. ಅಲ್ಲಿನ ರೈತರೂ ನೊಂದರು, ಅದನ್ನು ನಾನು ಮರೆಯುವುದಿಲ್ಲ. ಆದರೆ ಗುಲಾಬಿ ಈರುಳ್ಳಿ ಇಲ್ಲೇ ಉಳಿದರೆ ಯಾರ ಸಾಂಬಾರಿಗೆ ಹೋಗುತ್ತದೆ? ಕೊಳ್ಳುವವರೇ ಇಲ್ಲ. ಬೆಂಗಳೂರಿನಲ್ಲಿ ಈರುಳ್ಳಿ ಬೆಲೆ ಒಂದು ರೂಪಾಯಿಯೂ ಇದರಿಂದ ಇಳಿಯುವುದಿಲ್ಲ.

ಮರುದಿನ ಬೆಳಿಗ್ಗೆಯೇ ಬಸ್ ಹತ್ತಿದೆ. ಕಿತ್ತ ಈರುಳ್ಳಿ ಮನೆ ಮುಂದೆ ಗೋಣಿತಾಟಿನ ಮೇಲೆ ಹರವಿತ್ತು. ಮಳೆ ಹನಿ ಬಿದ್ದಾಗೆಲ್ಲ ಅಮ್ಮ ಓಡಿ ಟಾರ್ಪಾಲ್ ಎಳೆಯುತ್ತಿದ್ದರು. ವಾರದ ಹಿಂದೆ ಬಂದು ಗಡ್ಡೆ ಒತ್ತಿ ನೋಡಿ, ರೇಟು ಮಾತಾಡಿ ಹೋಗಿದ್ದ ವ್ಯಾಪಾರಿ ಫೋನ್ ಎತ್ತಲಿಲ್ಲ. ಅವರನ್ನೂ ನಾನು ಬೈಯಲಾರೆ. ಹೊರದೇಶದವರ ಜೊತೆ ರೇಟು ಮೊದಲೇ ಕುದುರಿರುತ್ತದೆ. ನೂರು ರೂಪಾಯಿ ಮಾಲಿಗೆ ರಾತ್ರೋರಾತ್ರಿ ನಲವತ್ತು ಸುಂಕ ಬಿದ್ದರೆ ಆ ನಲವತ್ತನ್ನು ಯಾರು ಕೊಡಬೇಕು? ಆಚೆಯವರು ಕೊಡುವುದಿಲ್ಲ. ವ್ಯಾಪಾರಿ ತನ್ನ ಕೈಯಿಂದ ಹಾಕುವುದಿಲ್ಲ. ಒಂದೋ ರೈತನ ರೇಟಿನಲ್ಲಿ ಮುರಿಯುತ್ತಾರೆ, ಇಲ್ಲಾ ಖರೀದಿಯನ್ನೇ ನಿಲ್ಲಿಸುತ್ತಾರೆ. ನಮ್ಮ ಕಡೆ ನಿಲ್ಲಿಸಿದರು.

ಸುಂಕದಿಂದ ಗುಲಾಬಿ ಈರುಳ್ಳಿಗೆ ವಿನಾಯಿತಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಹತ್ತಿರ ಹತ್ತಿರ ಆರು ವಾರ. ಎಷ್ಟು ಮಾಲು ಅಂತ ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಸುಂಕ ಇಲ್ಲ ಎಂದಾಯಿತು. ಅಷ್ಟರಲ್ಲಿ ನಮ್ಮ ಈರುಳ್ಳಿಗೆ ಮೊಳಕೆ ಬಂದಿತ್ತು. ಅರ್ಧಕ್ಕಿಂತ ಜಾಸ್ತಿ ಕೊಳೆತು ತಿಪ್ಪೆ ಸೇರಿತ್ತು. ಆ ವಾಸನೆ ಮನೆಯೊಳಗೂ ಬರುತ್ತಿತ್ತು. ಅಪ್ಪ ಆ ಕಡೆಯ ಕಿಟಕಿ ಮುಚ್ಚಿಬಿಟ್ಟಿದ್ದರು.

ನನಗೆ ತುಂಬ ನೋವಾಗುವುದು ಯಾಕೆಂದರೆ, ಇದು ದಿಲ್ಲಿಗೆ ಗೊತ್ತಿಲ್ಲದ ವಿಷಯ ಅಲ್ಲ. 2019ರಲ್ಲಿ ಈರುಳ್ಳಿ ರಫ್ತು ನಿಷೇಧವಾದಾಗ, ಹತ್ತಿರ ಹತ್ತಿರ ಒಂದು ತಿಂಗಳಾದ ಮೇಲೆ 9,000 ಟನ್ ಗುಲಾಬಿ ಈರುಳ್ಳಿಗೆ ದಾರಿ ಬಿಟ್ಟರು. 2020ರಲ್ಲಿ ಮತ್ತೆ ನಿಷೇಧ, ಮತ್ತೆ 10,000 ಟನ್‌ಗೆ ಅನುಮತಿ. 2023ರ ಡಿಸೆಂಬರ್‌ನಲ್ಲಿ ಮತ್ತೆ ನಿಷೇಧ. 2024ರ ಮೇ ತಿಂಗಳಲ್ಲಿ ನಿಷೇಧ ಹೋಗಿ ಶೇ 40 ಸುಂಕ ಉಳಿಯಿತು, ತಿಂಗಳ ಕೊನೆಗೆ ಗುಲಾಬಿಗೆ ಮತ್ತೆ ವಿನಾಯಿತಿ. ಪ್ರತಿ ಸಲ ಮೊದಲು ಎಲ್ಲ ಈರುಳ್ಳಿಯನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತಾರೆ. ಇಲ್ಲಿಂದ ಪತ್ರ ಹೋಗುತ್ತದೆ, ನಿಯೋಗ ಹೋಗುತ್ತದೆ. ಆಮೇಲೆ ಬಿಚ್ಚುತ್ತಾರೆ. ರಫ್ತು ಸುಂಕ ಕೇಂದ್ರದ ಕೈಯಲ್ಲಿದೆ, ರಾಜ್ಯ ಕೇಳಿಕೊಳ್ಳಬಹುದು ಅಷ್ಟೇ. ಕಡೆಗೂ ಕೊಡುವ ವಿನಾಯಿತಿಯನ್ನು ಮೊದಲ ಆದೇಶದಲ್ಲೇ ಒಂದು ಸಾಲಾಗಿ ಬರೆಯಬಹುದಲ್ವಾ? ಆರು ವಾರ ಅಂದರೆ ಕಚೇರಿಗೆ ಒಂದು ಫೈಲ್ ಓಡಾಡುವ ಹೊತ್ತು. ನಮಗೆ ಅದು ಒಂದು ಬೆಳೆ.

2025ರ ಏಪ್ರಿಲ್ 1ರಿಂದ ಈರುಳ್ಳಿಯ ರಫ್ತು ಸುಂಕವನ್ನೇ ಪೂರ್ತಿ ತೆಗೆದರು. ಅಪ್ಪನಿಗೆ ಫೋನ್ ಮಾಡಿ ಖುಷಿಯಿಂದ ಹೇಳಿದೆ.

"ತೆಗ್ದವ್ರಾ? ಮತ್ತೆ ಯಾವಾಗ ಹಾಕ್ತಾರಂತೆ?" ಎಂದರು.

ಆ ಸಲ ಅವರು ಅರ್ಧ ಎಕರೆಗಷ್ಟೇ ಈರುಳ್ಳಿ ಹಾಕಿದರು. ಉಳಿದ ಒಂದು ಎಕರೆಗೆ ಮುಸುಕಿನ ಜೋಳ.