ಸರಾಸರಿಯೊಳಗೆ ಅಡಗುವ ಕೋಶಗಳು

ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವುದು ನನ್ನ ಉದ್ಯೋಗ. ನಮ್ಮಲ್ಲಿಗೆ ಬರುವ ಪರೀಕ್ಷೆಗಳಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ವರ್ಣತಂತುಗಳು ಎಷ್ಟು ಮುರಿಯುತ್ತವೆ ಎಂದು ನೋಡುವ ಬ್ರೇಕೇಜ್ ಟೆಸ್ಟ್‌ಗೆ. ಮಗುವಿನ ಅಸ್ಥಿಮಜ್ಜೆ ರಕ್ತಕಣಗಳನ್ನು ತಯಾರಿಸಲಾರದೆ ಸೋಲುತ್ತಿದ್ದರೆ, ಅದಕ್ಕೆ ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ಕಾಯಿಲೆ ಕಾರಣವೇ ಎಂದು ತಿಳಿಯಲು ಇದನ್ನು ಮಾಡುತ್ತೇವೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೊ ಫ್ಯಾಂಕೋನಿ 1927ರಲ್ಲಿ ಮೂವರು ಅಣ್ಣತಮ್ಮಂದಿರಲ್ಲಿ ಇದನ್ನು ಗುರುತಿಸಿ ಬರೆದರು.

ಕೋಶವೊಂದು ವಿಭಜಿಸಬೇಕಾದರೆ ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಳ್ಳಬೇಕು. ಕೆಲವು ರಾಸಾಯನಿಕಗಳು ಆ ಎರಡನ್ನೂ ಅಡ್ಡಲಾಗಿ ಬೆಸೆದುಬಿಡುತ್ತವೆ. ಜಿಪ್ಪಿನ ನಡುವೆ ಬಟ್ಟೆ ಸಿಕ್ಕಿಕೊಂಡಂತೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಹೊರಗಿನ ವಿಷವೇ ಬೇಕೆಂದಿಲ್ಲ. ನಮ್ಮ ದೇಹದಲ್ಲೇ ಹುಟ್ಟುವ ಫಾರ್ಮಾಲ್ಡಿಹೈಡ್, ಅಸೆಟಾಲ್ಡಿಹೈಡ್‌ಗಳೂ ಇಂಥ ಬೆಸುಗೆ ಹಾಕಬಲ್ಲವು. ಅದನ್ನು ಬಿಡಿಸಲು 20ಕ್ಕೂ ಹೆಚ್ಚು ಜೀನ್‌ಗಳ ಒಂದು ತಂಡವಿದೆ. ಹಲವು ಪ್ರೋಟೀನ್‌ಗಳು ಕೂಡಿ ಎಫ್‌ಎಎನ್‌ಸಿಡಿ2 ಮತ್ತು ಎಫ್‌ಎಎನ್‌ಸಿಐ ಎಂಬ ಜೋಡಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಗುರುತಾಗಿ ಅಂಟಿಸುತ್ತವೆ. ಆ ಗುರುತು ಬಿದ್ದ ಮೇಲೆ ಬೆಸುಗೆಯ ಆಚೀಚೆ ಕತ್ತರಿಸುವ ಕಿಣ್ವಗಳು ಬರುತ್ತವೆ, ಮುರಿದ ಎಳೆಯನ್ನು ಮತ್ತೆ ಜೋಡಿಸುವವೂ ಬರುತ್ತವೆ. ಸ್ತನ ಕ್ಯಾನ್ಸರಿನ ಸಂಬಂಧದಲ್ಲಿ ಹೆಸರು ಕೇಳಿರುವ ಬಿಆರ್‌ಸಿಎ1, ಬಿಆರ್‌ಸಿಎ2 ಕೂಡ ಇದೇ ತಂಡದವು. ಸಾಮಾನ್ಯವಾಗಿ ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಪ್ರತಿ ಬಂದಾಗ ಈ ದುರಸ್ತಿ ಕೆಡುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ತಂದೆತಾಯಿ ರಕ್ತಸಂಬಂಧಿಗಳೇ ಎಂಬ ಪ್ರಶ್ನೆ ಕೇಳದೆ ಬಿಡಬಾರದು.

ಪರೀಕ್ಷೆಯ ತತ್ವ ಸರಳ. ಮಗುವಿನ ರಕ್ತದಿಂದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಬೆಳೆಸಿ, ಬೆಸುಗೆ ಹಾಕುವ ಮಿಟೊಮೈಸಿನ್ ಸಿ ಅಥವಾ ಡೈಇಪಾಕ್ಸಿಬ್ಯುಟೇನನ್ನು ಅಳತೆಯಾಗಿ ಕೊಡುತ್ತೇವೆ. ಜೊತೆಗೆ ಆರೋಗ್ಯವಂತರೊಬ್ಬರ ರಕ್ತಕ್ಕೂ ಅದೇ ಉಪಚಾರ. ದುರಸ್ತಿ ತಿಳಿದ ಕೋಶಗಳು ಹೆಚ್ಚು ಹಾನಿಯಿಲ್ಲದೆ ಪಾರಾಗುತ್ತವೆ. ಫ್ಯಾಂಕೋನಿ ಕೋಶಗಳಲ್ಲಿ ವರ್ಣತಂತುಗಳು ಮುರಿದು, ಬೇರೆ ವರ್ಣತಂತುವಿನ ತುಂಡಿಗೆ ಅಂಟಿಕೊಂಡು, ಕಾಲು ಚಾಚಿದ ನಕ್ಷತ್ರದಂಥ ರೇಡಿಯಲ್ ಆಕಾರಗಳಾಗುತ್ತವೆ.

ಒಬ್ಬ ಹುಡುಗನ ಮಾದರಿಯಲ್ಲಿ ಮುರಿತಗಳ ಎಣಿಕೆ ಮುಗಿದಾಗ ಕೋಶವೊಂದಕ್ಕೆ ಬಂದ ಸರಾಸರಿ ತೀರಾ ಕಡಿಮೆಯಿತ್ತು. ನಮ್ಮ ನಮೂನೆಯಲ್ಲಿ ಸರಾಸರಿಗೆ ಮಾತ್ರ ಜಾಗವಿತ್ತು. ಆದರೆ ಎಣಿಕೆಯ ಹಾಳೆ ಬೇರೆಯದನ್ನೇ ಹೇಳುತ್ತಿತ್ತು: ಬಹುಪಾಲು ಕೋಶಗಳು ಸ್ವಚ್ಛ, ಕೆಲವೇ ಕೋಶಗಳು ಚಿಂದಿ. 50 ಕೋಶಗಳಲ್ಲಿ 45ರಲ್ಲಿ ಒಂದೂ ಮುರಿತವಿಲ್ಲ, ಉಳಿದ ಐದರಲ್ಲಿ ತಲಾ ಆರು ಎಂದುಕೊಳ್ಳಿ. ಸರಾಸರಿ 0.6. ಆ ಅಂಕಿಯನ್ನಷ್ಟೇ ನೋಡಿದವರು ಮುರಿತಗಳು ಎಲ್ಲ ಕೋಶಗಳಲ್ಲೂ ತೆಳುವಾಗಿ ಹರಡಿವೆ ಎಂದುಕೊಳ್ಳುತ್ತಾರೆ. ಆ ಐದು ಕೋಶಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೀಗಾಗಲು ಕಾರಣ ಬಹಳ ಸೊಗಸಾದದ್ದು. ಮಜ್ಜೆಯ ಒಂದು ಕಾಂಡಕೋಶದಲ್ಲಿ, ಕೆಟ್ಟ ಎರಡು ಪ್ರತಿಗಳಲ್ಲಿ ಒಂದು ಆಕಸ್ಮಿಕವಾಗಿ ಸರಿಯಾಗಿಬಿಡುತ್ತದೆ. ಆ ಒಂದು ಕೋಶಕ್ಕೆ ದುರಸ್ತಿಯ ಶಕ್ತಿ ಮರಳುತ್ತದೆ, ಸುತ್ತಲಿನವು ಸಾಯುತ್ತಿರುವಾಗ ಅದರ ಸಂತತಿ ಹಬ್ಬುತ್ತದೆ. ಇದನ್ನು ಮೊಸಾಯಿಕ್ ಸ್ಥಿತಿ ಎನ್ನುತ್ತೇವೆ. ರಕ್ತ ಸುಧಾರಿಸಿದರೂ ಚರ್ಮ, ಬಾಯಿ, ಅನ್ನನಾಳದ ಕೋಶಗಳು ಹುಟ್ಟಿದಾಗ ಇದ್ದಂತೆಯೇ ಇರುತ್ತವೆ. ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯವೂ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಚರ್ಮದ ಚೂರು ಕಳಿಸಿ ಎಂದು ವೈದ್ಯರನ್ನು ಕೇಳಿದೆವು. ಅದರಿಂದ ಬೆಳೆಸಿದ ಫೈಬ್ರೊಬ್ಲಾಸ್ಟ್ ಎಂಬ ಚರ್ಮದ ಕೋಶಗಳಲ್ಲಿ ಸ್ವಚ್ಛ ಕೋಶಗಳ ಗುಂಪೇ ಇರಲಿಲ್ಲ. ಫ್ಯಾಂಕೋನಿ ಎಂದು ಖಚಿತವಾಯಿತು.

ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಅಸ್ಥಿಮಜ್ಜೆ ಕಸಿ. ಕಸಿಗೆ ಮುಂಚೆ ಕೊಡುವ ಸೈಕ್ಲೊಫಾಸ್ಫಮೈಡ್ ಕೂಡ ಡಿಎನ್‌ಎಗೆ ಬೆಸುಗೆ ಹಾಕುವ ಔಷಧವೇ. ಬೇರೆ ಮಗು ತಾಳಿಕೊಳ್ಳುವ ಪ್ರಮಾಣ ಈ ಮಗುವಿನ ಜೀವವನ್ನೇ ತೆಗೆಯಬಲ್ಲದು. ಫ್ರಾನ್ಸಿನ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಈ ಮಕ್ಕಳಿಗೆಂದು ಔಷಧದ ಪ್ರಮಾಣವನ್ನು ತಗ್ಗಿಸಿದರು. 1988ರಲ್ಲಿ ಪ್ಯಾರಿಸ್ಸಿನಲ್ಲಿ ಫ್ಯಾಂಕೋನಿ ಇದ್ದ ಹುಡುಗನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತದಿಂದ ಜಗತ್ತಿನ ಮೊದಲ ಅಂಥ ಕಸಿ ಮಾಡಿದ್ದೂ ಅವರೇ. ತಂಗಿಗೆ ಕಾಯಿಲೆಯಿಲ್ಲ ಎಂಬುದನ್ನು ಮೊದಲೇ ಪರೀಕ್ಷಿಸಿದ್ದರು. ದಾನಿಯಾಗಲಿರುವ ಒಡಹುಟ್ಟಿದವರು ನೋಡಲು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅವರ ರಕ್ತವನ್ನೂ ಇದೇ ಪರೀಕ್ಷೆಗೆ ಕಳಿಸಲೇಬೇಕು.

ಈಗ ನಮ್ಮ ವರದಿಯಲ್ಲಿ ಸರಾಸರಿಯ ಪಕ್ಕದಲ್ಲಿ ಒಂದು ಪಟ್ಟಿಯಿದೆ: ಮುರಿತವಿಲ್ಲದ ಕೋಶಗಳು ಎಷ್ಟು, ಒಂದೆರಡು ಇರುವವು ಎಷ್ಟು, ಹೆಚ್ಚಿರುವವು ಎಷ್ಟು. ಮಾದರಿ ಕಳಿಸುವ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟು. ಚೀಟಿಯಲ್ಲಿ ‘ರಕ್ತಕಣ ಕಡಿಮೆ’ ಎಂದಷ್ಟೇ ಬರೆಯಬೇಡಿ. ಮಗುವಿನ ಎತ್ತರ, ಹೆಬ್ಬೆರಳಿನ ಆಕಾರ, ಮೈಮೇಲಿನ ಕಂದು ಮಚ್ಚೆ, ತಂದೆತಾಯಿಯರ ರಕ್ತಸಂಬಂಧ ಬರೆಯಿರಿ. ಇವೊಂದೂ ಇಲ್ಲದ ಫ್ಯಾಂಕೋನಿ ಮಕ್ಕಳೂ ಇದ್ದಾರೆ ಎಂಬುದು ನೆನಪಿರಲಿ. ರಕ್ತವನ್ನು ಹೆಪಾರಿನ್ ಟ್ಯೂಬಿನಲ್ಲೇ ಕಳಿಸಿ. ರಕ್ತ ಮೊಸಾಯಿಕ್ ಇರಬಹುದು ಎಂದು ನಾವು ಫೋನ್ ಮಾಡಿದರೆ ಚರ್ಮದ ಮಾದರಿ ಬರುವವರೆಗೂ ಕಸಿಯ ಔಷಧದ ಪ್ರಮಾಣವನ್ನು ನಿರ್ಧರಿಸಬೇಡಿ.